ರಾಜಕಾರಣಿಯ ಮಾತು, ಅದರ ವ್ಯಾಕರಣ ಕೇಳಿ ಅವರು ಯಾವ ವರ್ಗದವರು ಅಂತ ಹೇಳಬಹುದಾ?

ಹೇಳಬಹುದು. ಆದರೆ ಮಾತು ಒರಟಾಗಿದ್ದರೆ ಬಡವರ ಮನೆಯವರು, ನಯವಾಗಿದ್ದರೆ ಉಳ್ಳವರು ಅನ್ನುವ ಲೆಕ್ಕ ನಡೆಯುವುದಿಲ್ಲ. ನಾನು ಹಳೇ ಮೈಸೂರು ಕಡೆಯವನು, ಅಲ್ಲಿಯ ಉದಾಹರಣೆಗಳನ್ನೇ ಕೊಡುತ್ತೇನೆ.

ಸುಲಭವಾಗಿ ಕಿವಿಗೆ ಬೀಳುವ ಗುರುತುಗಳು ಎಲ್ಲರಿಗೂ ಗೊತ್ತು. 'ಇದೆ' ಅನ್ನುವವರು ಒಂದು ಕಡೆ, 'ಐತೆ' ಅನ್ನುವವರು ಇನ್ನೊಂದು ಕಡೆ. 'ಹಕ್ಕಿ' ಹೋಗಿ 'ಅಕ್ಕಿ' ಆಗುವುದು, 'ಭಾಷಣ' ಹೋಗಿ 'ಬಾಸಣ' ಆಗುವುದು. ಬ್ರಾಹ್ಮಣರ ಕನ್ನಡಕ್ಕೂ ಉಳಿದವರ ಕನ್ನಡಕ್ಕೂ ಇರುವ ಇಂಥ ವ್ಯತ್ಯಾಸಗಳನ್ನು ವಿಲಿಯಂ ಬ್ರೈಟ್ ಎಂಬ ಅಮೆರಿಕದ ಭಾಷಾವಿಜ್ಞಾನಿ 1960ರ ಹೊತ್ತಿಗೇ ಬರೆದಿಟ್ಟಿದ್ದರು. ನಮ್ಮಲ್ಲಿ ಜಾತಿ, ಓದು, ಊರು ಮೂರೂ ಹೆಣೆದುಕೊಂಡಿವೆ. ವರ್ಗವನ್ನು ಮಾತ್ರ ಬಿಡಿಸಿ ನೋಡುವುದು ಕಷ್ಟ.

ಆದರೂ ಒಂದು ಜೋಡಿ ನೋಡಿ. ಎಸ್.ಎಂ. ಕೃಷ್ಣ ಮತ್ತು ಅಂಬರೀಶ್. ಇಬ್ಬರೂ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನವರು, ಒಂದು ಸೋಮನಹಳ್ಳಿ, ಇನ್ನೊಂದು ದೊಡ್ಡರಸಿನಕೆರೆ. ಇಬ್ಬರೂ ಒಕ್ಕಲಿಗರು. ಕೃಷ್ಣ ಅಮೆರಿಕದಲ್ಲಿ ಓದಿ ಬಂದವರು. ಅವರ ಮಾತು ಅಳೆದು ತೂಗಿದ್ದು, ಮಂಡ್ಯದ ವಾಸನೆಯೇ ಇರಲಿಲ್ಲ. ಅಂಬರೀಶ್ ಮಂತ್ರಿಯಾದ ಮೇಲೂ ಸಲಿಗೆಯಿಂದ ಗದರುತ್ತಲೇ ಇದ್ದರು, ಬೈಸಿಕೊಂಡವರು ಖುಷಿಪಡುತ್ತಿದ್ದರು! ಅಂಬರೀಶ್ ಬಡವರ ಮನೆಯ ಮಗನಾ? ಅಲ್ಲ, ಪಿಟೀಲು ಚೌಡಯ್ಯನವರ ಮೊಮ್ಮಗ. ಹೆಸರು, ಮನೆತನ ಮೊದಲೇ ಇದ್ದವರಿಗೆ ಒರಟು ಮಾತಿನಿಂದ ನಷ್ಟವಿಲ್ಲ, ಉಲ್ಟಾ ಲಾಭ. ಅದೇ ಮಾತನ್ನು ಹೊಸದಾಗಿ ಗೆದ್ದ ತಾಲ್ಲೂಕು ಪಂಚಾಯಿತಿ ಸದಸ್ಯ ಆಡಿದ್ದರೆ 'ಸಂಸ್ಕಾರ ಇಲ್ಲ' ಅಂತಿದ್ದರು.

ನೀವು ವ್ಯಾಕರಣದ ಬಗ್ಗೆಯೂ ಕೇಳಿದ್ದೀರಿ. ಕನ್ನಡದಲ್ಲಿ ಅದು ನಿಜವಾಗಿ ಕಚ್ಚುವುದು ಏಕವಚನದಲ್ಲಿ. 'ಬಂದ' ಅನ್ನಬೇಕಾ, 'ಬಂದರು' ಅನ್ನಬೇಕಾ? ಒಬ್ಬರ ಬಗ್ಗೆ ಮಾತಾಡುವಾಗ ಕ್ರಿಯಾಪದ ಮುಗಿಸುವಷ್ಟರಲ್ಲಿ ಅವರಿಗೆ ಎಷ್ಟು ಮರ್ಯಾದೆ ಅಂತ ತೀರ್ಮಾನ ಆಗಿಬಿಟ್ಟಿರುತ್ತದೆ. ಹಳ್ಳಿಯಲ್ಲಿ ಅವ್ವನನ್ನೂ ದೇವರನ್ನೂ 'ನೀನು' ಅಂತಲೇ ಕರೆಯುತ್ತೇವೆ, ಅದರಲ್ಲಿ ಅಗೌರವ ಇಲ್ಲ. ಆದರೆ ವೇದಿಕೆ ಮೇಲೆ, ಕ್ಯಾಮೆರಾ ಮುಂದೆ ಅದೇ ಮಾತು ಬೇರೆಯೇ ಆಗಿ ಕೇಳಿಸುತ್ತದೆ. 2024ರ ಜನವರಿಯಲ್ಲಿ ಚಿತ್ರದುರ್ಗದ ಸಮಾವೇಶದಲ್ಲಿ ಸಿದ್ದರಾಮಯ್ಯನವರು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರ ಬಗ್ಗೆ ಏಕವಚನದಲ್ಲಿ ಮಾತಾಡಿ, ಆಮೇಲೆ ವಿಷಾದ ಹೇಳಬೇಕಾಯಿತು. ಅದೇ ತಿಂಗಳು ಸಂಸದ ಅನಂತಕುಮಾರ ಹೆಗಡೆ ಸಿದ್ದರಾಮಯ್ಯನವರನ್ನೇ ಏಕವಚನದಲ್ಲಿ ಕರೆದು ಗದ್ದಲವಾಗಿತ್ತು. ನನ್ನ ಪ್ರಕಾರ ಎರಡೂ ಒಂದೇ ಥರದವಲ್ಲ. ಮೊದಲನೆಯದು ಬಾಯಿಗೆ ಬಂದ ರೂಢಿ, ಎರಡನೆಯದು ಬೇಕೆಂದೇ ಕೆಳಗಿಳಿಸಿದ್ದು. ಒಪ್ಪದವರು ಇರಬಹುದು.

ಇದೇ ಸಿದ್ದರಾಮಯ್ಯ ಸಂಧಿ, ಸಮಾಸದ ಪಾಠಕ್ಕೂ ಹೆಸರುವಾಸಿ ಅಲ್ವಾ? ಲೋಪ, ಆಗಮ, ಆದೇಶ ಅಂತ ಎದುರಿಗಿದ್ದವರನ್ನು ಪ್ರಶ್ನೆ ಕೇಳುತ್ತಾರೆ. ಜನ ನಗುತ್ತಾರೆ. ನನಗೆ ಮಾತ್ರ ಅದು ಸುಮ್ನೆ ತಮಾಷೆ ಅನಿಸುವುದಿಲ್ಲ. ಸಿದ್ದರಾಮನಹುಂಡಿಯ ಕುರುಬರ ಮನೆಯಿಂದ ಬಂದವರು, ಆಡಳಿತದಲ್ಲಿ ಕನ್ನಡದ ಬಳಕೆ ನೋಡಿಕೊಳ್ಳಲು ಸರ್ಕಾರ ಮಾಡಿದ್ದ ಕನ್ನಡ ಕಾವಲು ಸಮಿತಿಯ ಮೊದಲ ಅಧ್ಯಕ್ಷರು. ನನ್ನ ಮಾತು ಹಳ್ಳಿಯದಿರಬಹುದು, ನಿಮ್ಮ ವ್ಯಾಕರಣ ನಿಮಗಿಂತ ಚೆನ್ನಾಗಿ ನನಗೆ ಗೊತ್ತು ಅಂದ ಹಾಗೆ ಕೇಳಿಸುತ್ತದೆ. ಮೇಲ್ಜಾತಿಯ, ಇಂಗ್ಲಿಷ್ ಶಾಲೆಯ ರಾಜಕಾರಣಿಗೆ ಇದನ್ನು ತೋರಿಸಿಕೊಳ್ಳುವ ಅಗತ್ಯವೇ ಬರುವುದಿಲ್ಲ.

ಇಂಗ್ಲಿಷಿನ ಕಥೆಯೂ ಇದೇ. ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದರು. ಕಾನೂನು ಓದಿದವರು, ಇಂಗ್ಲಿಷ್ ಬರುತ್ತಿತ್ತು. ಹಾಗಾಗಿ ಅದು ಸ್ವಾಭಿಮಾನ ಅನಿಸಿಕೊಂಡಿತು. ಇಂಗ್ಲಿಷ್ ಬಾರದೆ ದೆಹಲಿಯಲ್ಲಿ ಕನ್ನಡ ಮಾತಾಡುವ ಸಂಸದರಿಗೆ ಅಷ್ಟು ಸುಲಭವಾಗಿ ಆ ಹೊಗಳಿಕೆ ಸಿಗುವುದಿಲ್ಲ. ಇನ್ನು ಒಂದು ವಾಕ್ಯದಲ್ಲಿ ನಾಲ್ಕು ಇಂಗ್ಲಿಷ್ ಪದ ತುರುಕಿ ಕನ್ನಡದ ವಿಭಕ್ತಿಯನ್ನೇ ತಪ್ಪಿಸುವ ಬೆಂಗಳೂರಿನ ಶಾಸಕರ ವಿಡಿಯೊ ಮಾಡಿ ಯಾರೂ ಟ್ರೋಲ್ ಮಾಡುವುದು ಕಾಣೆ. ಟ್ರೋಲ್ ಆಗುವುದು 'ಹ' ಬಿಟ್ಟವರು ಮಾತ್ರ.