ದುಬೈನಿಂದ ಮುಂಬೈಗೆ ಕಳಿಸಿದ ದುಡ್ಡು ನಿಜಕ್ಕೂ ಯಾವ ದಾರಿಯಲ್ಲಿ ಬರುತ್ತದೆ?

ನೋಟು ಗಡಿ ದಾಟುವುದಿಲ್ಲ. ಬ್ಯಾಂಕುಗಳ ಲೆಕ್ಕ ಬದಲಾಗುತ್ತದೆ, ಅಷ್ಟೇ.

ನಿಮ್ಮ ಅಣ್ಣ ದುಬೈನಲ್ಲಿ ದಿರ್ಹಮ್ ಕಟ್ಟಿ ಡೊಂಬಿವಿಲಿಯಲ್ಲಿರುವ ಅಮ್ಮನ ಖಾತೆಗೆ ಕಳಿಸಿದರು ಅನ್ನಿ. ಅಲ್ಲಿನ ಬ್ಯಾಂಕು ಇಲ್ಲಿನ ಬ್ಯಾಂಕಿಗೆ ಸಂದೇಶ ಕಳಿಸುತ್ತದೆ, ಸಾಮಾನ್ಯವಾಗಿ ಸ್ವಿಫ್ಟ್ ಎಂಬ ಬ್ಯಾಂಕುಗಳ ಸಂದೇಶ ಜಾಲದ ಮೂಲಕ. 1973ರಲ್ಲಿ ಬೆಲ್ಜಿಯಂನಲ್ಲಿ ಶುರುವಾದ ಸ್ವಿಫ್ಟ್ ಬರೀ ಸಂದೇಶ ಮುಟ್ಟಿಸುತ್ತದೆ, ಹಣವನ್ನಲ್ಲ. ಹಾಗಾದರೆ ಹಣ? ನಮ್ಮ ಬ್ಯಾಂಕು ಹೊರದೇಶದ ಬ್ಯಾಂಕಿನಲ್ಲಿ ಒಂದು ಖಾತೆ ಇಟ್ಟಿರುತ್ತದೆ, ಅದಕ್ಕೆ ನಾಸ್ಟ್ರೋ ಖಾತೆ ಎನ್ನುತ್ತಾರೆ, ಅಲ್ಲಿ ಜಮಾ ಆದರೆ ಇಲ್ಲಿ ತನ್ನ ಕೈಯಿಂದ ಅಮ್ಮನಿಗೆ ರೂಪಾಯಿ ಕೊಡುತ್ತದೆ. ಎರಡು ಬ್ಯಾಂಕುಗಳ ನಡುವೆ ನೇರ ವ್ಯವಹಾರ ಇಲ್ಲದಿದ್ದರೆ ಮೂರನೆಯದೊಂದು ಬರುತ್ತದೆ, ಎಷ್ಟೋ ಸಲ ನ್ಯೂಯಾರ್ಕ್‌ನದು, ಅದೂ ಶುಲ್ಕ ಹಿಡಿಯುತ್ತದೆ.

ದಿರ್ಹಮ್ ಬೆಲೆಯನ್ನು ಡಾಲರಿಗೆ 3.6725 ಎಂದು ಕಟ್ಟಿಟ್ಟಿದ್ದಾರೆ. ಹಾಗಾಗಿ ರೂಪಾಯಿ ಎದುರು ಡಾಲರ್ ಏರಿದರೆ ದಿರ್ಹಮ್ ಕೂಡ ಏರುತ್ತದೆ.

ಹೀಗೆ ಬಂದ ವಿದೇಶಿ ಹಣವೂ ಸೇರಿಯೇ ದೇಶ ಕಚ್ಚಾ ತೈಲ ಕೊಳ್ಳುವುದು, ಮುಂಬೈಯ ಫೋರ್ಟ್‌ನಲ್ಲಿರುವ ರಿಸರ್ವ್ ಬ್ಯಾಂಕ್ ಒಂದಿಷ್ಟು ಕೊಂಡು ಮೀಸಲು ಇಡುವುದು. 1991ರಲ್ಲಿ ಆ ಮೀಸಲು ಬರಿದಾಗುತ್ತಾ ಬಂದಾಗ ಸುಮಾರು 47 ಟನ್ ಚಿನ್ನವನ್ನು ಇದೇ ಮುಂಬೈಯಿಂದ ವಿಮಾನದಲ್ಲಿ ಹೊರಗೆ ಕಳಿಸಿ ಅಡವಿಡಬೇಕಾಯಿತು. ಗಲ್ಫ್‌ನಲ್ಲಿ ದುಡಿಯುವವರ ದುಡ್ಡು ಸಣ್ಣ ವಿಷಯವಲ್ಲ, ಅಲ್ವಾ?

ಕಳಿಸುವಾಗ ಶುಲ್ಕ ಮಾತ್ರ ನೋಡಬೇಡಿ. ಶುಲ್ಕ ಸೊನ್ನೆ ಎಂದವರೂ ವಿನಿಮಯ ದರದಲ್ಲಿ ಕಡಿಮೆ ಕೊಡಬಹುದು, ಆದ್ದರಿಂದ ಕೈಗೆ ಎಷ್ಟು ರೂಪಾಯಿ ಸಿಗುತ್ತದೆ ಎಂದು ಮೊದಲೇ ಕೇಳಿ.