ಮೂರು ಶೆವ್ರೊಲೆ 3100, ಮೂರು ಬೆಲೆ: ಹಳೇ ಪಿಕಪ್‌ಗೆ ಮಾಡೆಲ್ ವರ್ಷ ಎಷ್ಟು ಮುಖ್ಯ?

ನಿಮ್ಮ ಪ್ರಶ್ನೆ ಇದು: ಟೆಕ್ಸಾಸ್‌ನಲ್ಲಿ ನಿಮ್ಮ ಮನೆ ಹತ್ತಿರವೇ ಮೂರು ಶೆವ್ರೊಲೆ 3100 ಪಿಕಪ್‌ಗಳು ಮಾರಾಟಕ್ಕಿವೆ. ಒಂದು 1951ರದು, ಒಂದು 1954ರದು, ಇನ್ನೊಂದು 1955ರದು. ದುಂಡಗಿನ ಬಾನೆಟ್, ಉಬ್ಬಿದ ಮಡ್‌ಗಾರ್ಡ್, ನೋಡೋಕೆ ಮೂರೂ ಅಣ್ಣತಮ್ಮಂದಿರ ಹಾಗಿವೆ. ಹಾಗಿದ್ದರೆ ಬೆಲೆ ಯಾಕೆ ಬೇರೆ ಬೇರೆ, ಮೂರ್ನಾಲ್ಕು ವರ್ಷದ ಅಂತರ ಅಷ್ಟು ದೊಡ್ಡದಾ ಅಂತ ಕೇಳಿದ್ದೀರಿ.

ಆ ವರ್ಷ ಕಾರ್ಖಾನೆಯಲ್ಲಿ ಏನು ಬದಲಾಯಿತು ಅನ್ನುವುದಕ್ಕೆ ಜನ ದುಡ್ಡು ಕೊಡುತ್ತಾರೆ. ಏನೂ ಬದಲಾಗದ ಎರಡು ವರ್ಷಗಳ ನಡುವೆ ಬೆಲೆಯೂ ಹೆಚ್ಚು ಬದಲಾಗುವುದಿಲ್ಲ. ನನ್ನ ಹತ್ತಿರ ಇರುವುದು 1950ರ 3100. ಅದರ ಬದಲು ಯಾರಾದರೂ ಅಷ್ಟೇ ಚೆನ್ನಾಗಿರುವ 1949ರ ಗಾಡಿ ಕೊಟ್ಟರೆ ನಾನು ಒಂದು ಡಾಲರ್ ಕೂಡ ಚೌಕಾಸಿ ಮಾಡುವುದಿಲ್ಲ. ಆದರೆ ನೀವು ಹೇಳಿದ ಮೂರು ವರ್ಷಗಳು ಹಾಗಲ್ಲ.

ಮೊದಲು 1955ರದನ್ನೇ ನೋಡೋಣ, ಎಡವುವುದು ಅಲ್ಲೇ ಜಾಸ್ತಿ. ಆ ವರ್ಷ ಶೆವ್ರೊಲೆ ಎರಡು ಬೇರೆ ಬೇರೆ ಟ್ರಕ್‌ಗಳನ್ನು ಒಂದೇ ವರ್ಷದ ಹೆಸರಲ್ಲಿ ಮಾರಿತು. ಮಾರ್ಚ್‌ವರೆಗೆ ಬಂದದ್ದು ಹಳೇ ದುಂಡು ಮುಖದ ಅಡ್ವಾನ್ಸ್ ಡಿಸೈನ್, ಇದಕ್ಕೆ ಫಸ್ಟ್ ಸೀರೀಸ್ ಅನ್ನುತ್ತಾರೆ. ಮಾರ್ಚ್ ಕೊನೆಯಲ್ಲಿ ಪೂರ್ತಿ ಹೊಸ ಟಾಸ್ಕ್ ಫೋರ್ಸ್ ಬಂತು, ಇದು ಸೆಕೆಂಡ್ ಸೀರೀಸ್. ಪಕ್ಕಕ್ಕೆ ಸುತ್ತಿಕೊಂಡ ವಿಂಡ್‌ಶೀಲ್ಡ್, 6 ವೋಲ್ಟ್ ಬದಲು 12 ವೋಲ್ಟ್ ವೈರಿಂಗ್, ಬೇಕೆಂದರೆ 265 ಕ್ಯೂಬಿಕ್ ಇಂಚಿನ ವಿ8 (ಎಂಟು ಸಿಲಿಂಡರ್) ಎಂಜಿನ್, ಎಲ್ಲ ಇದರಲ್ಲೇ. ಇಂಟರ್ನೆಟ್‌ನಲ್ಲಿ '1955 ಶೆವಿ ಪಿಕಪ್' ಬೆಲೆ ಹುಡುಕಿದರೆ ಬಹುತೇಕ ಸಿಗುವುದು ಈ ಎರಡನೆಯದರ ಬೆಲೆ. ನಿಮ್ಮದು ಉಳಿದ ಎರಡರ ಹಾಗೇ ಕಾಣುತ್ತದೆ ಅಂದರೆ ಅದು ಫಸ್ಟ್ ಸೀರೀಸ್, ಅಥವಾ ಕಾಗದದಲ್ಲಿ ಮಾತ್ರ 1955 ಆಗಿರುವ 1954ರ ಗಾಡಿ. ಕಾಗದದಲ್ಲಿ ವರ್ಷ ತಪ್ಪಿರುವುದು ಅಪರೂಪವೇನಲ್ಲ. ಆ ಕಾಲದಲ್ಲಿ ಕೆಲವು ರಾಜ್ಯಗಳಲ್ಲಿ ಟೈಟಲ್ (ಮಾಲೀಕತ್ವದ ಕಾಗದ) ಮೇಲೆ ಗಾಡಿ ಮಾರಾಟವಾದ ವರ್ಷವನ್ನೇ ಬರೆದುಬಿಡುತ್ತಿದ್ದರು. ಅಂದಹಾಗೆ 1947ಕ್ಕೂ ಇದೇ ಕಥೆ. ಅರ್ಧ ವರ್ಷ ಯುದ್ಧಕ್ಕೆ ಮುಂಚಿನ ಮುಖ, ಬೇಸಿಗೆಯಿಂದ ಅಡ್ವಾನ್ಸ್ ಡಿಸೈನ್.

ಇದು ನಿಜವಾಗಿಯೂ ಫಸ್ಟ್ ಸೀರೀಸ್ ಆಗಿದ್ದರೆ? ಕೆಲವೇ ತಿಂಗಳು ತಯಾರಾದದ್ದು, ಅಪರೂಪ ಹೌದು. ಆದರೆ ಅಪರೂಪ ಅಂದಮಾತ್ರಕ್ಕೆ ದುಬಾರಿ ಆಗಬೇಕಿಲ್ಲ. ಮುಖ 1954ರದೇ ಇರುವುದರಿಂದ ಪಕ್ಕದಲ್ಲಿ ನಿಂತವನಿಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ವ್ಯತ್ಯಾಸ ಇರುವುದು ಕೆಳಗೆ. ಹಿಂದಿನ ವರ್ಷಗಳಲ್ಲಿ ಡ್ರೈವ್‌ಶಾಫ್ಟ್, ಅಂದರೆ ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ದಂಡ, ಒಂದು ಕೊಳವೆಯೊಳಗೆ ಮುಚ್ಚಿಕೊಂಡಿತ್ತು, ಅದೇ ಟಾರ್ಕ್ ಟ್ಯೂಬ್. ಈ ಕೆಲವು ತಿಂಗಳ ಗಾಡಿಗಳಲ್ಲಿ ಓಪನ್ ಡ್ರೈವ್‌ಶಾಫ್ಟ್ ಇದೆ. ಮುಂದೆ ಬೇರೆ ಗೇರ್‌ಬಾಕ್ಸ್ ಅಥವಾ ಬೇರೆ ರಿಯರ್ ಆಕ್ಸಲ್ ಹಾಕಿಸುವ ಯೋಚನೆ ಇರುವವರಿಗೆ ಇದು ದೊಡ್ಡ ಉಪಕಾರ. ಟಾರ್ಕ್ ಟ್ಯೂಬ್ ಇದ್ದರೆ ಒಂದನ್ನು ಮುಟ್ಟಿದರೆ ಇನ್ನೊಂದನ್ನೂ ಬದಲಾಯಿಸಲೇಬೇಕು.

ಈಗ 1951 ಮತ್ತು 1954. ಇಲ್ಲಿ ಒಂದು ತಮಾಷೆ ಇದೆ. ಓಡಿಸುವುದಕ್ಕೆ 1954 ಒಳ್ಳೆಯದು, ಆದರೆ ಜನರ ಮನಸ್ಸು ಹೋಗುವುದು 1951ರ ಮುಖದ ಮೇಲೆ. 1947ರಿಂದ 1953ರವರೆಗೆ ಮುಂದೆ ಐದು ಅಡ್ಡಪಟ್ಟಿಗಳ ಗ್ರಿಲ್, ನಡುವೆ ಕಂಬಿ ಇರುವ ಎರಡು ತುಂಡಿನ ವಿಂಡ್‌ಶೀಲ್ಡ್. ಕ್ಯಾಲೆಂಡರ್‌ನಲ್ಲಿ, ಕ್ರಿಸ್ಮಸ್ ಕಾರ್ಡ್‌ನಲ್ಲಿ ನೋಡುವ 'ಹಳೇ ಪಿಕಪ್' ಇದೇ ಅಲ್ವಾ? 1954ರಲ್ಲಿ ಗ್ರಿಲ್ ಬದಲಾಯಿತು, ವಿಂಡ್‌ಶೀಲ್ಡ್ ಒಂದೇ ಬಾಗಿದ ಗಾಜಾಯಿತು, ಡ್ಯಾಶ್‌ಬೋರ್ಡ್ ಬದಲಾಯಿತು. ಈ ಭಾಗಗಳು ಒಂದೂಕಾಲು ವರ್ಷದ ಗಾಡಿಗಳಿಗೆ ಮಾತ್ರ ಹೊಂದುತ್ತವೆ. ಹಾಗಾಗಿ 1951ಕ್ಕೆ ಸಿಗುವಷ್ಟು ಸಲೀಸಾಗಿ ಇದಕ್ಕೆ ಬಿಡಿಭಾಗ ಸಿಗುವುದಿಲ್ಲ. ಗ್ರಿಲ್ ಸೊಟ್ಟಗಾಗಿದ್ದರೆ ಬೆಲೆ ಇಳಿಸಿ ಕೇಳಿ, ಧಾರಾಳವಾಗಿ ಇಳಿಸಿ.

ಎಂಜಿನ್ ವಿಷಯಕ್ಕೆ ಬಂದರೆ 1954 ಗೆಲ್ಲುತ್ತದೆ. 1951ರಲ್ಲಿ ಇರುವುದು 216 ಕ್ಯೂಬಿಕ್ ಇಂಚಿನ ಆರು ಸಿಲಿಂಡರ್. ಕನೆಕ್ಟಿಂಗ್ ರಾಡ್‌ಗಳಿಗೆ ಬ್ಯಾಬಿಟ್ ಅನ್ನುವ ಮೆದು ಲೋಹ ಎರಕ ಹೊಯ್ದ ಬೇರಿಂಗ್, ಅವುಗಳಿಗೆ ಆಯಿಲ್ ಹೋಗುವುದು ಸೌಟಿನಂಥ ಡಿಪ್ಪರ್‌ಗಳಿಂದ. ಬ್ಯಾಬಿಟ್ ಎರಕ ಗೊತ್ತಿರುವ ಮೆಕ್ಯಾನಿಕ್ ಇವತ್ತು ಸುಲಭವಾಗಿ ಸಿಗುವುದಿಲ್ಲ, ಸಿಕ್ಕರೂ ಬಿಲ್ ಜೋರಾಗಿರುತ್ತದೆ. 1954ರಲ್ಲಿ ಬಂದದ್ದು 235 ಎಂಜಿನ್, ಒತ್ತಡದಲ್ಲಿ ಆಯಿಲ್ ಹರಿಯುವ ವ್ಯವಸ್ಥೆ ಇದರದು. ಅದೇ ವರ್ಷ ಹೈಡ್ರಾಮ್ಯಾಟಿಕ್ ಆಟೊಮ್ಯಾಟಿಕ್ ಗೇರ್ ಕೂಡ ಆಯ್ಕೆಯಾಗಿ ಬಂತು. ಆದರೆ ಎಷ್ಟೋ ಹಳೇ ಗಾಡಿಗಳಿಗೆ ಯಾರೋ ಯಾವಾಗಲೋ 235 ಕೂರಿಸಿರುತ್ತಾರೆ. ನನ್ನದರಲ್ಲೂ ಅದೇ ಇದೆ. ಆದ್ದರಿಂದ 1951ರ ಮಾಲೀಕರಿಗೆ ಕೇಳುವ ಮೊದಲ ಪ್ರಶ್ನೆ 'ಎಂಜಿನ್ ಯಾವುದು' ಅಂತಲೇ ಇರಲಿ. 1951ರ ಪರವಾಗಿ ಇನ್ನೂ ಒಂದಿದೆ: ಬಾಗಿಲಲ್ಲಿ ಗಾಳಿಗೆ ತೆರೆಯುವ ತ್ರಿಕೋನದ ಪುಟ್ಟ ಕಿಟಕಿ ಬಂದದ್ದು ಆ ವರ್ಷವೇ. ಎಸಿ ಇಲ್ಲದ ಗಾಡಿ, ಟೆಕ್ಸಾಸ್ ಆಗಸ್ಟ್. ಬೇರೆ ಹೇಳಬೇಕಾ?

ಕ್ಯಾಬಿನ ಹಿಂದಿನ ಮೂಲೆಗಳಲ್ಲಿ ಬಾಗಿದ ಗಾಜು ಇದೆಯಾ ನೋಡಿ. ಅದು 'ಫೈವ್ ವಿಂಡೋ' ಡಿಲಕ್ಸ್ ಕ್ಯಾಬ್. ಮೂರರಲ್ಲಿ ಒಂದಕ್ಕೆ ಮಾತ್ರ ಅದಿದ್ದರೆ ಬೆಲೆಯ ಅಂತರಕ್ಕೆ ವರ್ಷಕ್ಕಿಂತ ಅದೇ ಕಾರಣ ಆಗಿರಬಹುದು.

ಒಂದೇ ವರ್ಷದ ವಿಶೇಷ ಬೆಲೆ ಏರಿಸುವ ಉದಾಹರಣೆ ಬೇಕಾದರೆ ಫೋರ್ಡ್ ಎಫ್-100 ನೋಡಬೇಕು. 1953ರಿಂದ 1956ರವರೆಗಿನದು ಒಂದೇ ತಲೆಮಾರು. ಆದರೆ ಸುತ್ತಿಕೊಂಡ ವಿಂಡ್‌ಶೀಲ್ಡ್, ಅದಕ್ಕೆ ತಕ್ಕ ನೆಟ್ಟಗಿನ ಕಂಬ, ಅದಕ್ಕೆ ತಕ್ಕ ಬಾಗಿಲು, ಇವೆಲ್ಲ 1956ರಲ್ಲಿ ಮಾತ್ರ. ಅದರಲ್ಲೂ ಹಿಂದೆ ದೊಡ್ಡ ಗಾಜಿನ ಆಯ್ಕೆ ಇರುವ ಗಾಡಿ ಬಂತೆಂದರೆ ಸ್ವಾಪ್ ಮೀಟ್‌ನಲ್ಲಿ (ಹಳೇ ಗಾಡಿ, ಬಿಡಿಭಾಗಗಳ ಸಂತೆಯಲ್ಲಿ) ಜನ ಮುತ್ತಿಕೊಳ್ಳುತ್ತಾರೆ. 1954ರ ಶೆವ್ರೊಲೆಗೆ ತೊಂದರೆಯಾದ ಗುಣವೇ ಇಲ್ಲಿ ಬೆಲೆ ತರುತ್ತದೆ. ಕಾರಣ ಸರಳ: ಈ ಮುಖ ಜನಕ್ಕೆ ಇಷ್ಟವಾಯಿತು.

ಡಾಡ್ಜ್‌ನ ಲಿಲ್ ರೆಡ್ ಎಕ್ಸ್‌ಪ್ರೆಸ್ ಪಿಕಪ್‌ನಲ್ಲಿ ವರ್ಷದ ವ್ಯತ್ಯಾಸಕ್ಕೆ ಕಾರಣ ಕಾನೂನು. 1978ರಲ್ಲಿ ಅದಕ್ಕೆ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ಮಾಲಿನ್ಯ ತಗ್ಗಿಸುವ ಸಾಧನ) ಬೇಕಿರಲಿಲ್ಲ, 1979ಕ್ಕೆ ಬೇಕಾಯಿತು. ತಯಾರಾದದ್ದು 1978ರಲ್ಲಿ 2,188, 1979ರಲ್ಲಿ 5,118. ಗುಂಡು ಹೆಡ್‌ಲೈಟ್ ಇದ್ದರೆ ಮೊದಲ ವರ್ಷದ್ದು, ಚೌಕದ್ದಿದ್ದರೆ ಎರಡನೆಯದು. ನನ್ನ ಓಟು ಗುಂಡು ಹೆಡ್‌ಲೈಟಿಗೆ.

1955ರ ಸೆಕೆಂಡ್ ಸೀರೀಸ್‌ನ ಕ್ಯಾಮಿಯೋ ಕ್ಯಾರಿಯರ್ ಬಗ್ಗೆ ಹೇಳದಿದ್ದರೆ ಮನಸ್ಸು ಒಪ್ಪುವುದಿಲ್ಲ. ಫೈಬರ್‌ಗ್ಲಾಸ್ ಪಕ್ಕೆಗಳಿದ್ದ, 1958ಕ್ಕೆ ನಿಂತುಹೋದ ಆ ಶೋಕಿ ಪಿಕಪ್‌ನ ಮೊದಲ ವರ್ಷದ ಬಣ್ಣದ ಹೆಸರು 'ಬಾಂಬೆ ಐವರಿ'. ಡೆಟ್ರಾಯಿಟ್‌ನವರಿಗೆ ಮುಂಬಯಿ ಎಲ್ಲಿಂದ ನೆನಪಾಯಿತೋ!

ವರ್ಷ ಅಷ್ಟೇನೂ ಲೆಕ್ಕಕ್ಕೆ ಬಾರದ ಗಾಡಿಗಳೂ ಇವೆ. 1967ರಿಂದ 1972ರ ಶೆವ್ರೊಲೆ ಸಿ10 ತಗೊಳ್ಳಿ. 1967ರಲ್ಲಿ ಹಿಂದಿನ ಗಾಜು ಚಿಕ್ಕದು, 1971ರಿಂದ ಮುಂದೆ ಡಿಸ್ಕ್ ಬ್ರೇಕ್. ಇವನ್ನು ಬಿಟ್ಟರೆ ಬೆಲೆ ನಿರ್ಧರಿಸುವುದು ಬೆಡ್ (ಹಿಂದೆ ಸಾಮಾನು ಹಾಕುವ ತೊಟ್ಟಿ) ಗಿಡ್ಡವೋ ಉದ್ದವೋ ಅನ್ನುವುದು. ಗಿಡ್ಡ ಬೆಡ್‌ಗೆ ಜನ ಮುಗಿಬೀಳುತ್ತಾರೆ. ಯಾವ ಪಿಕಪ್‌ ಆದರೂ ಸ್ಥಿತಿ ವರ್ಷಕ್ಕಿಂತ ದೊಡ್ಡದು. ಹಳೇ ಗಾಡಿಗಳ ಬೆಲೆ ಪ್ರಕಟಿಸುವ ಹ್ಯಾಗರ್ಟಿ ಕಂಪನಿಯ ಬೆಲೆಪಟ್ಟಿಯಲ್ಲಿ 1ರಿಂದ (ಅತ್ಯುತ್ತಮ) 4ರವರೆಗೆ ಸ್ಥಿತಿಯ ದರ್ಜೆ ಇರುತ್ತದೆ. ಪಕ್ಕದ ವರ್ಷದ ಬೆಲೆ ನೋಡಿ, ಆಮೇಲೆ ಅದೇ ವರ್ಷದ ಕೆಳಗಿನ ದರ್ಜೆಯ ಬೆಲೆ ನೋಡಿ, ಯಾವ ಅಂತರ ದೊಡ್ಡದು ಅಂತ ನಿಮಗೇ ತಿಳಿಯುತ್ತದೆ. ಇನ್ನು ಹೊಸ ಚಾಸಿಸ್, ಈಗಿನ ಕಾಲದ ಎಲ್‌ಎಸ್ ವಿ8 ಎಂಜಿನ್, ಎಸಿ ಎಲ್ಲ ಹಾಕಿದ ರೆಸ್ಟೊಮಾಡ್ ಆದರೆ ಮೇಲೆ ಹೇಳಿದ ಎಂಜಿನ್ ಪುರಾಣ ಮರೆತುಬಿಡಿ. ಅಲ್ಲಿ ಹಳೇ ವರ್ಷದ್ದು ಅಂತ ಉಳಿದಿರುವುದು ಮುಖ ಮಾತ್ರ.

ಹೋಗಿ ನೋಡುವಾಗ ಡ್ರೈವರ್ ಬಾಗಿಲು ತೆರೆದು ಕಂಬದ ಮೇಲಿನ ಪ್ಲೇಟ್ ಓದಿ. 1954ರ 3100 ಆದರೆ ನಂಬರ್ H54 ಅಂತ ಶುರುವಾಗುತ್ತದೆ. ಟೈಟಲ್‌ನಲ್ಲಿ 1955 ಇದ್ದು ಪ್ಲೇಟ್‌ನಲ್ಲಿ 54 ಇದ್ದರೆ 1954ರ ಬೆಲೆಯನ್ನೇ ಕೊಡಿ. ಕಾಗದ ಸರಿಮಾಡಿಸುವ ಓಡಾಟ ಮಾರುವವರದೇ ಆಗಲಿ, ದುಡ್ಡು ಕೊಟ್ಟ ಮೇಲೆ ಯಾರೂ ಫೋನ್ ಎತ್ತುವುದಿಲ್ಲ. ಕೆಳಗೆ ಬಗ್ಗಿ ಡ್ರೈವ್‌ಶಾಫ್ಟ್ ಕೂಡ ನೋಡಿ. ತೆರೆದಿದ್ದು, ಪ್ಲೇಟ್‌ನಲ್ಲೂ 55 ಇದ್ದರೆ, ತುಕ್ಕು ಮಿತಿಯಲ್ಲಿದ್ದರೆ, ಮೂರರಲ್ಲಿ ನಾನು ತಗೊಳ್ಳುವುದು ಅದನ್ನೇ. ಮನೆ ಮುಂದೆ ನಿಲ್ಲಿಸಿ ಫೋಟೋ ತೆಗೆಯುವುದಷ್ಟೇ ಉದ್ದೇಶ ಆದರೆ 1951.