ವಿಲ್ಟ್‌ಶೈರ್‌ನಲ್ಲಿ ಸ್ಟೋನ್‌ಹೆಂಜ್ ಬಿಟ್ಟು ಯಾವ ಹಳ್ಳಿಗಳನ್ನು ನೋಡಬೇಕು?

ಆಗಸ್ಟ್‌ನಲ್ಲಿ ತಾಯಿಯವರನ್ನು ಕರೆದುಕೊಂಡು ಇಂಗ್ಲೆಂಡಿಗೆ ಬರುತ್ತಿದ್ದೇನೆ, ವಿಲ್ಟ್‌ಶೈರ್‌ಗೆ ಎರಡು ದಿನ ಮೀಸಲಿಟ್ಟಿದ್ದೇನೆ, ಹಳ್ಳಿಗಾಡು ನೋಡುವ ಆಸೆ ಎಂದು ಬರೆದಿದ್ದೀರಿ. ನಾನು ಇದೇ ಕೌಂಟಿಯ ಸ್ವಿಂಡನ್‌ನಲ್ಲಿ ನೆಲೆಸಿದ್ದೇನೆ. ನನ್ನನ್ನು ಕೇಳಿದರೆ ಒಂದು ದಿನವನ್ನು ಪೂರ್ತಿಯಾಗಿ ಏವ್‌ಬರಿ ಎಂಬ ಹಳ್ಳಿಗೆ ಕೊಡಿ.

ಸ್ಟೋನ್‌ಹೆಂಜ್‌ನಲ್ಲಿ ಟಿಕೆಟ್ ಪಡೆದು, ಹಗ್ಗದಾಚೆ ನಿಂತು ನೋಡಬೇಕು. ಏವ್‌ಬರಿಯಲ್ಲಿ ನಿಲಿಸುಗಲ್ಲುಗಳ ನಡುವೆಯೇ ನಡೆದಾಡಬಹುದು, ಮುಟ್ಟಬಹುದು, ಶುಲ್ಕವೂ ಇಲ್ಲ. ಸುಮಾರು 4,500 ವರ್ಷಗಳ ಹಿಂದೆ ಜನ ಇಲ್ಲಿ ಆಳವಾದ ಕಂದಕ ತೋಡಿ, ಮಣ್ಣನ್ನು ಹೊರಗೆ ಏರಿಯಾಗಿ ಪೇರಿಸಿ, ಒಳಗೆ ಕಲ್ಲುಗಳನ್ನು ನಿಲ್ಲಿಸಿದರು. ಹೊರವೃತ್ತದ ಅಡ್ಡಳತೆ 300 ಮೀಟರಿಗೂ ಹೆಚ್ಚು. ಜಗತ್ತಿನಲ್ಲಿ ಇಷ್ಟು ದೊಡ್ಡ ಶಿಲಾವೃತ್ತ ಇನ್ನೊಂದಿಲ್ಲ. ಆ ವೃತ್ತದೊಳಗೇ ಮನೆಗಳಿವೆ, ರಸ್ತೆ ಹಾದುಹೋಗುತ್ತದೆ, ಒಂದು ಪಬ್ ಕೂಡ ಇದೆ.

ಹಳ್ಳಿಯವರಿಗೂ ಈ ಕಲ್ಲುಗಳಿಗೂ ನಡೆದ ಒಡನಾಟ ಸುಲಭದ್ದಾಗಿರಲಿಲ್ಲ. 14ನೇ ಶತಮಾನದಲ್ಲಿ ಎಷ್ಟೋ ಕಲ್ಲುಗಳನ್ನು ಉರುಳಿಸಿ ಹೂತರು. ಮುಂದೆ 17 ಮತ್ತು 18ನೇ ಶತಮಾನಗಳಲ್ಲಿ ಬೆಂಕಿ ಹಾಕಿ ಕಾಯಿಸಿ, ತಣ್ಣೀರು ಸುರಿದು, ಒಡೆದು, ಮನೆ ಕಟ್ಟಲು ಬಳಸಿದರು. ವಿಲಿಯಂ ಸ್ಟ್ಯೂಕ್ಲಿ ಎಂಬ ವಿದ್ವಾಂಸ ಆ ಕಾಲದಲ್ಲೇ ಇಲ್ಲಿಗೆ ಬಂದು, ಕಣ್ಣೆದುರಿಗೆ ನಾಶವಾಗುತ್ತಿದ್ದುದನ್ನು ಚಿತ್ರ ಬರೆದು ದಾಖಲಿಸಿದ. 1930ರ ದಶಕದಲ್ಲಿ ಮಾರ್ಮಲೇಡ್ ವ್ಯಾಪಾರದ ಮನೆತನದ ಅಲೆಕ್ಸಾಂಡರ್ ಕೀಲರ್ ಹೂತಿದ್ದ ಕಲ್ಲುಗಳನ್ನು ಎತ್ತಿ ನಿಲ್ಲಿಸಿದ. ಇಲ್ಲವಾದವುಗಳ ಜಾಗದಲ್ಲಿ ಕಾಂಕ್ರೀಟಿನ ಗುರುತುಗಳನ್ನು ನೆಟ್ಟ. ಆ ಮೊಂಡು ಗುರುತುಗಳನ್ನು ಪ್ರವಾಸಿಗರು ಗಮನಿಸುವುದಿಲ್ಲ. ನೀವು ಗಮನಿಸಿ, ಆಮೇಲೆ ಹಳೆಯ ಮನೆಗಳ ಗೋಡೆಗಳತ್ತ ನೋಡಿ.

ಹತ್ತಿರದಲ್ಲೇ ಸಿಲ್ಬರಿ ಹಿಲ್ ಇದೆ. ಯುರೋಪಿನ ಇತಿಹಾಸಪೂರ್ವ ಕಾಲದ, ಮನುಷ್ಯರೇ ಪೇರಿಸಿದ ದಿಬ್ಬಗಳಲ್ಲಿ ಇದೇ ದೊಡ್ಡದು. ಮೇಲೆ ಹತ್ತಲು ಬಿಡುವುದಿಲ್ಲ. ಎದುರಿನ ವೆಸ್ಟ್ ಕೆನೆಟ್ ಸಮಾಧಿಯ ಒಳಗೆ ಹೋಗಬಹುದು, ಆದರೆ ಹೊಲದ ನಡುವೆ ಏರುದಾರಿ. ತಾಯಿಯವರಿಗೆ ಮಂಡಿನೋವಿದ್ದರೆ ಒತ್ತಾಯ ಮಾಡಬೇಡಿ.

ಎರಡನೆಯ ದಿನಕ್ಕೆ ಎಲ್ಲರೂ ಲೇಕಾಕ್ ಹೇಳುತ್ತಾರೆ. ಚೆಂದದ ಊರು, ನಿಜ. ಛಾಯಾಗ್ರಹಣವನ್ನು ರೂಪಿಸಿದವರಲ್ಲಿ ಒಬ್ಬನಾದ ಫಾಕ್ಸ್ ಟಾಲ್ಬಟ್ 1835ರಲ್ಲಿ ತೆಗೆದ, ಇಂದಿಗೂ ಉಳಿದಿರುವ ಅತಿ ಹಳೆಯ ಫೋಟೋ ನೆಗೆಟಿವ್ ಅಲ್ಲಿಯ ಅಬ್ಬೆಯ (ಹಿಂದೆ ಕ್ರೈಸ್ತ ಮಠವಾಗಿದ್ದ ಕಟ್ಟಡದ) ಕಿಟಕಿಯದೇ. ಅರ್ಧ ದಿನ ಸಾಕು.

ನನ್ನ ಮನಸ್ಸನ್ನು ಹಿಡಿದಿರುವ ಊರು ಇಂಬರ್. ಸಾಲ್ಸ್‌ಬರಿ ಬಯಲಿನ ನಡುವಿನ ಈ ಹಳ್ಳಿಯ ಜನರನ್ನು 1943ರ ನವೆಂಬರ್ 1ರಂದು ಶಾಲೆಯಲ್ಲಿ ಸೇರಿಸಿ, ಕ್ರಿಸ್‌ಮಸ್‌ಗೆ ಮುಂಚೆ ಊರು ಬಿಡಬೇಕೆಂದು ತಿಳಿಸಿದರು. ಅಮೆರಿಕದ ಸೈನಿಕರ ತರಬೇತಿಗೆ ಜಾಗ ಬೇಕಿತ್ತು. ಯುದ್ಧ ಮುಗಿದ ಮೇಲೆ ಮರಳಬಹುದೆಂದು ಜನ ನಂಬಿದ್ದರು. ಯಾರಿಗೂ ಮರಳಲು ಬಿಡಲಿಲ್ಲ. ಸುದ್ದಿ ಕೇಳಿದ ಕಮ್ಮಾರ ಕುಲುಮೆಯಲ್ಲೇ ಅಳುತ್ತಿದ್ದನೆಂದು ಇಲ್ಲಿಯವರು ಇಂದಿಗೂ ಹೇಳುತ್ತಾರೆ. 1961ರಲ್ಲಿ ಸಾವಿರಾರು ಜನ ಬಂದು ಪ್ರತಿಭಟಿಸಿದರೂ ಸೈನ್ಯ ಜಾಗ ಬಿಟ್ಟುಕೊಡಲಿಲ್ಲ. ಸೇಂಟ್ ಜೈಲ್ಸ್ ಚರ್ಚು ಉಳಿದಿದೆ. ವರ್ಷದಲ್ಲಿ ಕೆಲವೇ ದಿನ ಅದನ್ನು ತೆರೆಯುತ್ತಾರೆ. ನೀವು ಆಗಸ್ಟ್‌ನಲ್ಲಿ ಬರುತ್ತಿರುವುದರಿಂದಲೇ ಇಷ್ಟು ಬರೆದೆ: ಸಾಮಾನ್ಯವಾಗಿ ಆ ತಿಂಗಳ ಒಂದು ದಿನ ವಾರ್ಮಿನ್‌ಸ್ಟರ್‌ನಿಂದ ಇಂಬರ್‌ಗೆ ಲಂಡನ್ನಿನ ಹಳೆಯ ಕೆಂಪು ಡಬಲ್ ಡೆಕರ್ ಬಸ್‌ಗಳನ್ನು ಓಡಿಸುತ್ತಾರೆ. ದಿನಾಂಕ ನೋಡಿಕೊಂಡೇ ನಿಮ್ಮ ಎರಡು ದಿನಗಳನ್ನು ಗೊತ್ತುಮಾಡಿ. ರಸ್ತೆ ಬಿಟ್ಟು ಇಳಿಯಬೇಡಿ, ಸಿಡಿಯದ ಗುಂಡುಗಳಿರುವ ಅಪಾಯವಿದೆ.

ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಸ್ವಿಂಡನ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಅಲ್ಲಿಂದ ಡಿವೈಜಸ್ ಕಡೆಯ ಬಸ್ ಏವ್‌ಬರಿಯಲ್ಲೇ ನಿಲ್ಲುತ್ತದೆ. ಭಾನುವಾರ ಬಸ್‌ಗಳು ಕಡಿಮೆ. ಏವ್‌ಬರಿಗೆ ವಾರದ ದಿನವನ್ನೇ ಆರಿಸಿಕೊಳ್ಳಿ.